ಬೆಳಕಿಗೊಂದು ಪಾವು

ಅಕ್ಕಿಗೆ ಪಾವು, ಹಾಲಿಗೆ ಲೀಟರು, ಬಟ್ಟೆಗೆ ಗಜ. ಬೆಳಕಿಗೆ ಮಾತ್ರ ನಮ್ಮ ಮನೆಯಲ್ಲಿ ಅಮ್ಮನ ಬಾಯಿಮಾತೇ ಅಳತೆ. “ಈ ಬ್ಯಾಟರಿ ಮಂಕು ಕಣೋ” ಎಂದು ಅವಳು ತೀರ್ಪು ಕೊಟ್ಟರೆ ನಾನು ಹೊಸ ಶೆಲ್ಲು ತರಬೇಕು. ಅಪ್ಪನ ಕಾಲದ ಟಾರ್ಚು ಅದು; ಶೆಲ್ಲು ಹಾಕಿದ ಮರುದಿನವೇ ಮತ್ತೆ ಮಂಕು! ಒಂದು ರಾತ್ರಿ ಹಿತ್ತಲ ಮೆಟ್ಟಿಲು ತಪ್ಪಿ ಅವಳು ಕುಸಿದು ಕೂತ ಮೇಲೆ ಹೊಸ ಎಲ್‌ಇಡಿ ಟಾರ್ಚನ್ನೇ ತಂದೆ. “ಇದೂ ಅಷ್ಟೇ” ಎಂದಳು.

ನನಗೆ ಟಾರ್ಚು ಮಾಡಿದವರ ಮೇಲೆಯೇ ಗುಮಾನಿ ಬಂತು. ಡಬ್ಬಿಯ ಮೇಲೆ ‘ದೂರ 200 ಮೀಟರು’ ಎಂದು ಅಚ್ಚಾಗಿತ್ತು. ಪರೀಕ್ಷಿಸಿಯೇ ತೀರಬೇಕೆಂದು ಅಗ್ಗದ ಲಕ್ಸ್ ಮೀಟರೊಂದನ್ನು ತರಿಸಿದೆ. ಅಗ್ಗವೆಂದರೂ ಅದಕ್ಕೆ ಟಾರ್ಚಿಗಿಂತ ಹೆಚ್ಚು ಕೊಟ್ಟೆನೆಂಬುದನ್ನು ನನ್ನಾಕೆ ಇಲ್ಲಿ ಓದಿಯೇ ತಿಳಿಯಬೇಕು.

ದೀಪ ಒಟ್ಟು ಸುರಿಸುವ ಬೆಳಕಿಗೆ ಲುಮೆನ್ ಲೆಕ್ಕ. ಅದರಲ್ಲಿ ಒಂದು ಚದರ ಮೀಟರಿನ ಪಾಲಿಗೆ ಬಿದ್ದದ್ದಕ್ಕೆ ಲಕ್ಸ್ ಲೆಕ್ಕ. ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳುದಿಂಗಳು ಸುಮಾರು ಕಾಲು ಲಕ್ಸ್. ಟಾರ್ಚಿನ ಬೆಳಕು ಆ ಬೆಳುದಿಂಗಳ ಮಟ್ಟಕ್ಕೆ ಇಳಿಯುವ ಜಾಗವೇ ಅದರ ದೂರವೆಂದು 2009ರಲ್ಲಿ ಬಂದ ಅಮೆರಿಕದ ಮಾನದಂಡ ಹೇಳುತ್ತದೆ.

ರಾತ್ರಿ ಕೋಣೆಯ ದೀಪವಾರಿಸಿ, ಟಾರ್ಚನ್ನು ಮೇಜಿನ ಮೇಲೆ ಮಲಗಿಸಿ, ಒಂದು ಮೀಟರು ದೂರದಲ್ಲಿ ಯಂತ್ರ ಹಿಡಿದೆ. ಹಳೆಯದು 410, ಹೊಸದು 3,200. ಎರಡು ಮೀಟರಿಗೆ ಸರಿದರೆ ಹೊಸದು 800. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗ ಎಂದು ಶಾಲೆಯಲ್ಲಿ ಉರು ಹೊಡೆದದ್ದು ಕಣ್ಣೆದುರೇ ನಿಜವಾಯಿತು. ಅದೇ ಲೆಕ್ಕದಲ್ಲಿ ಕಾಲು ಲಕ್ಸ್ ಉಳಿಯುವುದು 113 ಮೀಟರಿನಲ್ಲಿ. ಡಬ್ಬಿ ಸುಳ್ಳು ಹೇಳಿತ್ತು, ಸರಿ. ಆದರೂ ಹೊಸ ಟಾರ್ಚು ಹಳೆಯದರ ಸುಮಾರು ಎಂಟರಷ್ಟು!

ಗೆದ್ದವನಂತೆ ಹೋಗಿ ಅಂಕಿಯನ್ನು ಅಮ್ಮನಿಗೆ ತೋರಿಸಿದೆ.

“ನಿನ್ನ ಯಂತ್ರಕ್ಕೆ ಕಾಣತ್ತೆ, ನನಗೆ ಕಾಣಬೇಡವೇನೋ? ಬೆಳಕಿನ ಸುತ್ತ ಬಳೆ ಇಟ್ಟ ಹಾಗಿರತ್ತೆ. ಕಣ್ಣು ಕುಕ್ಕತ್ತೆ, ಮೆಟ್ಟಿಲು ಮಾತ್ರ ಕಾಣಲ್ಲ” ಎಂದಳು.

ಎಂಟರಷ್ಟು ಬೆಳಕು ಕಣ್ಣಿಗೆ ಎಂಟರಷ್ಟಾಗಿ ತೋರುವುದಿಲ್ಲವೆಂಬ ಪಾಠ ನನ್ನ ನಾಲಗೆಯ ತುದಿಯಲ್ಲಿತ್ತು. ಬಳೆಯ ಮಾತು ಕೇಳಿ ಅಲ್ಲೇ ನಿಂತಿತು. ಎಷ್ಟು ತಿಂಗಳು ಶೆಲ್ಲು ಬದಲಾಯಿಸಿದ್ದೆ! ‘ಹೇಗೆ ಕಾಣತ್ತಮ್ಮ?’ ಎಂದು ಒಂದು ಸಲವೂ ಕೇಳಿರಲಿಲ್ಲ.

ಎರಡು ಕಣ್ಣಿಗೂ ಪೊರೆ ಬಂದಿದೆಯೆಂದರು ಡಾಕ್ಟರು. ಪೊರೆ ಬಂದ ಕಣ್ಣಿನೊಳಗೆ ಬೆಳಕು ಚದುರುತ್ತದೆ. ದೀಪ ಜೋರು ಮಾಡಿದರೆ ಕೋರೈಸುವುದೂ ಜೋರಾಗುತ್ತದೆ. ನಾನು ಮಾಡಿದ ಉಪಕಾರ ಅದು! ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದಿದೆ, ಇನ್ನೊಂದು ಬಾಕಿ.

ಮೊನ್ನೆ ರಾತ್ರಿ ಹಿತ್ತಲಿಂದ ಅಮ್ಮ ಕೂಗಿದಳು: “ಈಗ ಬಂತು ನೋಡು ಬೆಳಕು! ಯಾವ ಶೆಲ್ಲು ಹಾಕಿದೆಯೋ?”

ಅವಳ ಕೈಯಲ್ಲಿದ್ದದ್ದು ಅಪ್ಪನ ಟಾರ್ಚು. ಒಳಗಿದ್ದದ್ದು ಅದೇ ಹಳೆಯ ಶೆಲ್ಲು. ಯಂತ್ರವನ್ನು ಹೊರತೆಗೆಯುವ ಮನಸ್ಸಾಗಲಿಲ್ಲ.