ಕುದೇರಿನಿಂದ ಮೀರತ್ತಿಗೆ, ಒಂದು ಟ್ರಾಂಬೋನಿಗಾಗಿ

ಚಾಮರಾಜನಗರದ ಕಡೆಯವರಿಗೆ ಕುದೇರು ಅಂದರೆ ಹಾಲಿನ ಡೇರಿ. ಚಾಮುಲ್ ಘಟಕ ಇರುವುದು ಅಲ್ಲೇ. ನನಗೆ ಮಾತ್ರ ಕುದೇರು ಅಂದರೆ ಒಬ್ಬ ಬ್ಯಾಂಡ್ ಮಾಸ್ಟ್ರು. ಮೈಸೂರಿನ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಹಿರಿಯರೊಬ್ಬರ ಹತ್ತಿರ ಟ್ರಾಂಬೋನ್ ಕಲಿತವರು. ಆ ಹಿರಿಯರ ಪಾಠದ ಬೇರು ಅರಮನೆಯ ಬ್ಯಾಂಡಿನಲ್ಲಿದೆ. ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಟೊ ಶ್ಮಿಟ್ ಎಂಬ ಜರ್ಮನ್ ಬ್ಯಾಂಡ್ ಮಾಸ್ಟರ್ ಕೋಲು ಹಿಡಿದು ನಿಂತಿದ್ದ ವಾದ್ಯವೃಂದದಲ್ಲಿ. ಮದುವೆ, ಮಾರಿಹಬ್ಬ, ಗಣಪತಿ ಬಿಡುವ ಮೆರವಣಿಗೆ ಎಂದು ಸುತ್ತಲ ಊರುಗಳಲ್ಲಿ ಊದುವ ಈ ಮಾಸ್ಟ್ರಿಗೆ ಅದರ ಬಗ್ಗೆ ಹೆಮ್ಮೆಯೇನೋ ಇದೆ, ಹೇಳಿಕೊಳ್ಳುವುದಿಲ್ಲ.

ಅವರಿಗೆ ಹೊಸ ಟ್ರಾಂಬೋನ್ ಬೇಕಾಗಿತ್ತು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕೊಳವೆ ಸಣ್ಣದಿರಬೇಕು, ಆದರೆ ಎಡ ಹೆಬ್ಬೆಟ್ಟಿಗೆ ಸಿಗುವ ಹಾಗೆ ಒಂದು ವಾಲ್ವೂ ಬೇಕು. ಬ್ಯಾಂಕಿನ ನೌಕರಿಯಲ್ಲಿ ಕೆಲವು ವರ್ಷ ಉತ್ತರಪ್ರದೇಶದಲ್ಲಿದ್ದ ನನ್ನ ಹಿಂದಿಯನ್ನು ನಂಬಿಕೊಂಡು, "ಮೀರತ್‌ಗ ಹೋಗಿ ಮಾಡುಸ್ಕ ಬಂದ್ಬುಡವ ಸಾ" ಅಂದರು.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಾಂಬೋನಿನಲ್ಲಿ ಸ್ವರ ಹುಟ್ಟುವುದು ತುಟಿಯಿಂದ, ಅದನ್ನು ಮೇಲೆ ಕೆಳಗೆ ಮಾಡುವುದು ಸ್ಲೈಡು. ಸ್ಲೈಡನ್ನು ಹೊರಕ್ಕೆ ತಳ್ಳಿದಷ್ಟೂ ಸ್ವರ ಇಳಿಯುತ್ತದೆ. ನಿಲ್ಲಿಸುವ ಜಾಗ ಏಳು. ಆರನೆಯದಕ್ಕೆ ಹೋಗುವಾಗ ಸ್ಲೈಡು ಸುಮಾರು ಒಂದೂವರೆ ಅಡಿ ಆಚೆ ಹೋಗಿರುತ್ತದೆ, ಏಳಕ್ಕೆ ತೋಳು ಪೂರ್ತಿ ಚಾಚಬೇಕು. ಯುರೋಪಿನ ಹಳೆಯ ದೊಡ್ಡ ಟ್ರಾಂಬೋನುಗಳಿಗೆ ತೋಳು ಸಾಲದೆ ಸ್ಲೈಡಿಗೇ ಒಂದು ಹಿಡಿಕೆ ಕಟ್ಟುತ್ತಿದ್ದರಂತೆ. ಈ ಪಾಡು ತಪ್ಪಿಸಲು 1839ರಲ್ಲಿ ಲೈಪ್‌ಜಿಗ್‌ನ ಕ್ರಿಶ್ಚಿಯನ್ ಫ್ರೆಡ್ರಿಕ್ ಸಾಟ್ಲರ್ ಒಂದು ವಾಲ್ವು ಕೂರಿಸಿದ. ಹೆಬ್ಬೆರಳಿನಿಂದ ಒತ್ತಿದರೆ ಒಂಬತ್ತು ಅಡಿಯ ಕೊಳವೆಗೆ ಹಿಂದುಗಡೆ ಸುತ್ತಿಟ್ಟ ಇನ್ನೂ ಮೂರು ಅಡಿ ಸೇರಿಕೊಳ್ಳುತ್ತದೆ. ಆರನೆಯ ಜಾಗದಲ್ಲಿ ಸಿಗುತ್ತಿದ್ದ ಸಿ, ಎಫ್ ಸ್ವರಗಳು ಸ್ಲೈಡು ಕದಲಿಸದೆ ಒಂದನೆಯ ಜಾಗದಲ್ಲೇ ಸಿಗುತ್ತವೆ.

ಆದರೆ ಈ ಸೌಲಭ್ಯ ಇರುವುದು ಹೆಚ್ಚಾಗಿ ಆರ್ಕೆಸ್ಟ್ರಾದ ದೊಡ್ಡ ಬೋರಿನ ವಾದ್ಯಗಳಿಗೆ. ಅವುಗಳ ಒಳವ್ಯಾಸ 13.9 ಮಿಲಿಮೀಟರ್. ಜಾಝ್‌ನವರು ಊದುವ ಸಣ್ಣ ಬೋರಿನವು ಹನ್ನೆರಡೂವರೆಯ ಆಸುಪಾಸು, ಅವಕ್ಕೆ ಸಾಮಾನ್ಯವಾಗಿ ವಾಲ್ವಿಲ್ಲ. ಅಮೆರಿಕದ ಕಿಂಗ್ ಕಂಪನಿಯ 3ಬಿ ಎಂಬ ಮಾದರಿಯಲ್ಲಿ ಎರಡೂ ಸೇರಿದ್ದುಂಟು. ಅದರ ಬೆಲೆ ಕೇಳಿ ಮಾಸ್ಟ್ರು, "ಆ ದುಡ್ಗ ಎರಡ್ ಸೀಮೆ ಹಸ ಬತ್ತವ" ಅಂದು ಮಾತು ಮುಗಿಸಿದ್ದರು.

ಹಳೆಯ ಟ್ರಾಂಬೋನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಚಾಮರಾಜನಗರದಲ್ಲಿ ರೈಲು ಹತ್ತಿದೆವು. ಬದನಗುಪ್ಪೆ, ಕವಲಂದೆ, ನಂಜನಗೂಡು, ಮೈಸೂರು. ಅಲ್ಲಿಂದ ಹಜ್ರತ್ ನಿಜಾಮುದ್ದೀನಿಗೆ ಹೋಗುವ ಸ್ವರ್ಣ ಜಯಂತಿ. ರೈಲಿನ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ಕಂಬಳಿಯೊಳಗೆ ಏನಿದೆ ಎಂದು ಕೇಳದ ಟಿಕೆಟ್ ಕಲೆಕ್ಟರಿಲ್ಲ, ಅಷ್ಟೆ. ದೆಹಲಿಯಲ್ಲಿ ನ್ಯೂ ಅಶೋಕ್ ನಗರಕ್ಕೆ ಬಂದು ನಮೋ ಭಾರತ್ ರೈಲು ಹತ್ತಿ ಮೀರತ್ ಸೌತ್‌ನಲ್ಲಿ ಇಳಿದು, ಅಲ್ಲಿಂದ ಆಟೊದಲ್ಲಿ ಜಲೀ ಕೋಠಿಗೆ.

ಆ ಬೀದಿಯನ್ನು ಕಿವಿಯೇ ಮೊದಲು ಗುರುತಿಸಿತು. ಹಿತ್ತಾಳೆ ತಗಡು ಬಡಿಯುವ ಸದ್ದು, ಲೇತಿನ ಕಿರುಚಾಟ, ನಡುವೆ ಯಾರೋ ಹೊಸ ಬ್ಯೂಗಲ್ ಊದಿ ನೋಡುವ ಒಂದೇ ಸ್ವರ. ಸೇನೆಯ ಬ್ಯಾಂಡಿನಲ್ಲಿದ್ದ ನಾದಿರ್ ಅಲಿ 1885ರಲ್ಲಿ ಶುರುಮಾಡಿದ ಕಂಪನಿ ಮೊದಲು ವಾದ್ಯಗಳನ್ನು ಹೊರಗಿನಿಂದ ತರಿಸಿ ಮಾರುತ್ತಿತ್ತು, ಆಮೇಲೆ ತಾನೇ ತಯಾರಿಸತೊಡಗಿತು. ಸುತ್ತ ಸಣ್ಣ ಕಾರ್ಖಾನೆಗಳು ಬೆಳೆದವು. ದೇಶದ ಮದುವೆ ಬ್ಯಾಂಡುಗಳ ಬಹುಪಾಲು ವಾದ್ಯಗಳ ತವರು ಈ ಗಲ್ಲಿಗಳು. ಕುದೇರಿನ ಕಂಬಳಿಯೊಳಗಿದ್ದುದೂ ಇಲ್ಲಿಯದೇ.

ನಾವು ಹೊಕ್ಕಿದ್ದು ಒಂದು ಚಿಕ್ಕ ಕಾರ್ಖಾನೆ. ಉಸ್ತಾದರು ಅರವತ್ತು ದಾಟಿದವರು. ಹುಡುಗನೊಬ್ಬ ಕತ್ತರಿಸಿದ ತಗಡನ್ನು ಉಕ್ಕಿನ ಅಚ್ಚಿಗೆ ಸುತ್ತಿ ಅಂಚು ಬೆಸೆಯುತ್ತಿದ್ದ. ಇನ್ನೊಬ್ಬ ಕೊಳವೆಗೆ ಕಾಯಿಸಿದ ರಾಳ ಸುರಿದು, ಅದು ಗಟ್ಟಿಯಾದ ಮೇಲೆ ಬಗ್ಗಿಸುತ್ತಿದ್ದ. ಒಳಗೆ ತುಂಬಿರದಿದ್ದರೆ ತಿರುವಿನಲ್ಲಿ ಕೊಳವೆ ನೆಗ್ಗಿಬಿಡುತ್ತದೆ. ಮಾಸ್ಟ್ರು ನಾವು ಬಂದ ಕೆಲಸವನ್ನೇ ಮರೆತು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ನಮ್ಮ ಬೇಡಿಕೆ ಕೇಳಿ ಉಸ್ತಾದರು ತಲೆ ಅಲ್ಲಾಡಿಸಿದರು. ವಾಲ್ವು ಬೇಕಾದರೆ ದೊಡ್ಡ ಕೊಳವೆ ತೊಗೊಳ್ಳಿ. ಸಣ್ಣ ಕೊಳವೆಯೇ ಬೇಕು ಅಂದರೆ ಸ್ಲೈಡು ಬಿಟ್ಟುಬಿಡಿ, ಮೂರು ಪಿಸ್ಟನ್ನಿನದು ಸಿದ್ಧವಿದೆ, ಇವತ್ತೇ ಒಯ್ಯಿರಿ. ಗಿರಾಕಿಗೆ ಕೊಡುವ ಸಲಹೆಯಾಗಿ ತಪ್ಪೇನಿರಲಿಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾಸ್ಟ್ರು ಏನೂ ಅನ್ನದೆ ಕಂಬಳಿ ಬಿಚ್ಚಿ, ಸ್ಲೈಡು ಜೋಡಿಸಿ, ಮಾದಪ್ಪನ ಪದದ ಧಾಟಿಯೊಂದನ್ನು ಊದಿದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಇಳಿಯುವ ಆ ಎಳೆತ ಪಿಸ್ಟನ್ನಿನಲ್ಲಿ ಬರುವುದಿಲ್ಲ. ನಾಗಸ್ವರ ಕೇಳಿ ಬೆಳೆದ ಊರಿನ ಕಿವಿಗಳು ಆ ಜಾರು ಇಲ್ಲದ ಹಾಡನ್ನು ಅರ್ಧ ಹಾಡು ಅಂತಲೇ ಎಣಿಸುತ್ತವೆ. ಉಸ್ತಾದರಿಗೆ ಅನುವಾದ ಬೇಕಾಗಲಿಲ್ಲ. "ಸ್ಲೈಡು ಇರಲಿ," ಅಂದರು, "ವಾಲ್ವು ಯಾಕೆ?"

ಅದಕ್ಕೆ ಉತ್ತರ ಹೊರಗೆ ಗಲ್ಲಿಯಲ್ಲಿತ್ತು. ಮಾಸ್ಟ್ರು ಬಾಗಿಲಾಚೆ ನಿಂತು ಕೆಳಗಿನ ಸಿ ಊದಲು ಸ್ಲೈಡು ಚಾಚಿದರು. ಎದುರಿಗೆ ಬರುತ್ತಿದ್ದ ಸ್ಕೂಟರಿನವನು ಗಕ್ಕನೆ ಬ್ರೇಕು ಹಾಕಿ ಬೈದ. ಒಳಗಿದ್ದ ಹುಡುಗರೆಲ್ಲ ನಕ್ಕರು. "ನಮ್ಮೂರ ಬೀದೀಲೂ ಇಂಗೇಯ ಸಾ. ಕೈ ಚಾಚುದ್ರ ಯಾರ್ದಾರ ಮೂಗ್ಗ ಬೀಳ್ತದ" ಎಂದರು ಮಾಸ್ಟ್ರು.

ಸೇನೆಯ ಬ್ಯಾಂಡುಗಳು ಇದಕ್ಕೆ ಎಂದೋ ಪರಿಹಾರ ಕಂಡುಕೊಂಡಿವೆ: ಟ್ರಾಂಬೋನಿನವರನ್ನು ಮುಂದಿನ ಸಾಲಿಗೆ ಹಾಕುವುದು. ಸ್ಲೈಡಿಗೆ ಎದುರು ಬಯಲು ಸಿಗುತ್ತದೆ. ಉಸ್ತಾದರೂ ಅದನ್ನೇ ಹೇಳಿದರು. ಆದರೆ ನಮ್ಮ ಮೆರವಣಿಗೆಯಲ್ಲಿ ಮುಂದಿನ ಸಾಲು ಬ್ಯಾಂಡಿನದಲ್ಲ. ಅಲ್ಲಿ ಸತ್ತಿಗೆ ಹಿಡಿದವರು, ತಮಟೆಯವರು, ಅವರೆದುರು ಹಿಂದುಮುಂದಾಗಿ ಕುಣಿಯುವ ಹುಡುಗರು. ಬ್ಯಾಂಡಿನವರು ಈ ಕುಣಿತಕ್ಕೂ ದೇವರ ಟ್ರ್ಯಾಕ್ಟರಿಗೂ ನಡುವೆ ಸಿಕ್ಕಿಕೊಂಡಿರುತ್ತಾರೆ. ಅಲ್ಲಿ ಆರನೆಯ ಜಾಗ ಅನ್ನುವುದೇ ಇಲ್ಲ. ಕೆಳಗಿನ ಸ್ವರ ಬಂದಾಗಲೆಲ್ಲ ಮಾಸ್ಟ್ರು ಅದನ್ನು ನುಂಗಿಕೊಂಡೋ, ಮೇಲಿನ ಸ್ಥಾಯಿಗೆ ಎತ್ತಿಕೊಂಡೋ ಇಷ್ಟು ವರ್ಷ ದಾಟಿಸಿದ್ದರು. ಕೊಳವೆ ಸಣ್ಣದಿರಬೇಕು ಅನ್ನುವುದಕ್ಕೂ ಕಾರಣವಿತ್ತು. ಸಂಜೆ ಶುರುವಾದದ್ದು ಬೆಳಗಿನ ಜಾವದವರೆಗೆ ನಡೆಯುತ್ತದೆ, ದೊಡ್ಡ ಬೋರಿಗೆ ಬೇಕಾದ ಉಸಿರನ್ನು ಅಷ್ಟು ಹೊತ್ತು ಯಾರೂ ಸುರಿಯಲಾರರು. ತಮಟೆ, ಪಟಾಕಿ, ಈಗೀಗ ಪಕ್ಕದ ಬೀದಿಯ ಡಿಜೆ, ಇವನ್ನೆಲ್ಲ ಸೀಳಿಕೊಂಡು ಹೋಗಬೇಕಾದರೆ ಸಣ್ಣ ಕೊಳವೆಯ ಚೂಪು ದನಿಯೇ ಬೇಕು.

ಯುರೋಪಿನಲ್ಲಿ ಈ ವಾಲ್ವು ಹುಟ್ಟಿದ್ದು ಕೂತು ಊದುವವರಿಗೆ, ಕೆಳಸ್ವರಗಳ ಸಂಗೀತಕ್ಕೆ. ಅದರ ನಿಜವಾದ ಗಿರಾಕಿ ಇಕ್ಕಟ್ಟಿನಲ್ಲಿ ನಡೆಯುತ್ತ ಊದುವವನೇ ಆಗಬೇಕಿತ್ತು ಎಂದು ನನಗೆ ಅವತ್ತು ಅನ್ನಿಸಿತು. ತಜ್ಞರು ಒಪ್ಪುತ್ತಾರೋ ಇಲ್ಲವೋ, ಉಸ್ತಾದರು ಒಪ್ಪಿದರು.

ಆಮೇಲೆ ಲೆಕ್ಕ. ಅವರ ಅಳತೆ ಸೂತಿನಲ್ಲಿ. ಇಂಚಿಗೆ ಎಂಟು ಸೂತು. ಕೊಳವೆ ನಾಲ್ಕು ಸೂತು ಎಂದು ತೀರ್ಮಾನವಾಯಿತು, ಅಂದರೆ ಅರ್ಧ ಇಂಚು, ಜಾಝ್‌ನವರ ಅಳತೆಯೇ. ಕೊಳವೆ, ಬೆಲ್, ಸ್ಲೈಡು ಎಲ್ಲ ಇಲ್ಲೇ ಆಗುತ್ತದೆ, ಕಷ್ಟ ಇರುವುದು ವಾಲ್ವಿನಲ್ಲಿ ಎಂದು ಉಸ್ತಾದರು ಮುಚ್ಚುಮರೆ ಇಲ್ಲದೆ ಹೇಳಿದರು. ಪಿಸ್ಟನ್ ಮೇಲೆ ಕೆಳಗೆ ಹೋಗುವಂಥದ್ದು, ಅದು ಅವರಿಗೆ ನಿತ್ಯದ ಕೆಲಸ. ಇದಕ್ಕೆ ಬೇಕಾದ ರೋಟರು ತನ್ನ ಗೂಡಿನೊಳಗೇ ಕಾಲು ಸುತ್ತು ತಿರುಗಬೇಕು. ಸಡಿಲವಾದರೆ ಗಾಳಿ ಸೋರುತ್ತದೆ, ಬಿಗಿಯಾದರೆ ಹಾಡಿನ ನಡುವೆ ಹಿಡಿದುಕೊಳ್ಳುತ್ತದೆ. ದೆಹಲಿಯಿಂದ ಸಿದ್ಧ ರೋಟರು ತರಿಸಿ ಕೂರಿಸುತ್ತೇನೆ, ಅದರ ದುಡ್ಡು ಬೇರೆ ಅಂದರು. ಮಾಸ್ಟ್ರು ಸ್ವಲ್ಪ ಹೊತ್ತು ಚೌಕಾಸಿ ಮಾಡಿದರು, ಕನ್ನಡದಲ್ಲೇ. ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು ಉರ್ದುವಿನಲ್ಲಿ ಉತ್ತರ ಕೊಡುತ್ತಿದ್ದರು. ಕೊನೆಗೆ ಹಳೆಯ ವಾದ್ಯದ ಸ್ಲೈಡಿನ ನೆಗ್ಗು ತೆಗೆದುಕೊಡುವುದು ಲೆಕ್ಕದೊಳಗೆ ಸೇರಿತು. ಮುಂಗಡ ಕೊಟ್ಟೆವು. ಉಸ್ತಾದರು ಮಾಸ್ಟ್ರ ಎಡಗೈ ಹಿಡಿದು ಹೆಬ್ಬೆಟ್ಟಿನ ಉದ್ದವನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಗೀಚಿಕೊಂಡರು.

ಪಾರ್ಸೆಲ್ ಕುದೇರಿಗೆ ಬಂದಾಗ ನಾನೂ ಹೋಗಿದ್ದೆ. ಮೇಲಿನ ಸ್ವರಗಳು ಹೊಳೆಯುತ್ತಿದ್ದವು. ವಾಲ್ವು ಒತ್ತಿದಾಗ ಬರುವ ಸಿ ಸ್ವಲ್ಪ ಮಂಕು; ಸಣ್ಣ ಕೊಳವೆಯಲ್ಲಿ ಅಷ್ಟೊಂದು ತಿರುವು ದಾಟಿ ಬರುವ ಗಾಳಿಗೆ ಅದು ತಪ್ಪಿದ್ದಲ್ಲ. ಹಿಂದುಗಡೆ ತೂಕ ಹೆಚ್ಚಾಗಿ ಎಡ ಮಣಿಕಟ್ಟು ನೋಯುತ್ತದೆ ಎಂದು ಮಾಸ್ಟ್ರು ಸಂತೇಮರಹಳ್ಳಿಯಲ್ಲಿ ಒಂದು ಚರ್ಮದ ಪಟ್ಟಿ ಹೊಲಿಸಿಕೊಂಡರು. ತೊಂದರೆ ಬಂದದ್ದು ಬೇರೆ ಕಡೆ. ಹೆಬ್ಬೆಟ್ಟು ವಾಲ್ವು ಒತ್ತುತ್ತದೆ, ಜೊತೆಗೆ ಬಲಗೈಯೂ ಹಳೆಯ ರೂಢಿಯಲ್ಲಿ ಆರನೆಯ ಜಾಗಕ್ಕೆ ಓಡಿಬಿಡುತ್ತದೆ. ಎರಡೂ ಸೇರಿ ಇನ್ಯಾವುದೋ ಸ್ವರ ಬರುತ್ತದೆ. ಮೊದಲ ದಿನ ಅವರ ಶಿಷ್ಯ ಪಕ್ಕಕ್ಕೆ ಸರಿದು ತಲೆ ಉಳಿಸಿಕೊಂಡ.

"ಮಾರಿಹಬ್ಬದೊಳ್ಗ ಕೈ ಪಳಗ್ತದ ಬುಡಿ ಸಾ" ಅಂದು ಮಾಸ್ಟ್ರು ಮತ್ತೆ ಮೊದಲಿಂದ ಶುರುಮಾಡಿದರು.