ಕುದುರೆ ಕೊಳ್ಳುವ ವಯಸ್ಸು

ನಿವೃತ್ತಿಯಾದವರಿಗೆ ಏನಾದರೊಂದು ಕೊಳ್ಳುವ ಚಪಲ ಹತ್ತಿಕೊಳ್ಳುತ್ತದೆ. ಭದ್ರಾವತಿಯ ನಮ್ಮ ಹೊಸಮನೆಯಲ್ಲಿ ಒಬ್ಬರು ಅಡಿಕೆ ತೋಟ ಕೊಂಡರು, ಇನ್ನೊಬ್ಬರು ಹಾರ್ಮೋನಿಯಂ ಕೊಂಡರು, ಮತ್ತೊಬ್ಬರು ಕಾಶಿಗೆ ಟಿಕೆಟ್ ಕೊಂಡರು. ನನ್ನ ಕಣ್ಣು ಬಿದ್ದದ್ದು ಅರಬ್ಬಿ ಕುದುರೆಯ ಮೇಲೆ. ಬೆಂಗಳೂರಿನ ಭಾವಮೈದ ಮೊಬೈಲಿಗೆ ವಿಡಿಯೋ ಕಳಿಸಿದ್ದ. ಮೂರು ವರ್ಷದ ಗಂಡು, ಬೂದು ಮೈಬಣ್ಣ, ಬಾಲ ಬಾವುಟದಂತೆ ಎತ್ತಿ ಓಡುತ್ತದೆ. ಸವಾರಿಗೂ ಸೈ, ಜಿಗಿತಕ್ಕೂ ಸೈ ಎಂದು ಮಾರುವವರ ಒಕ್ಕಣೆ. ಬೆಲೆಯ ಜಾಗದಲ್ಲಿ ‘ಮಾತಾಡಿ’ ಎಂದಿತ್ತು. ಅವರೊಂದಿಗೆ ಮಾತಾಡಲು ನನಗೇನೂ ಅಡ್ಡಿಯಿರಲಿಲ್ಲ. ಮನೆಯಲ್ಲಿ ಮಾತೆತ್ತಲು ಧೈರ್ಯ ಸಾಲಲಿಲ್ಲ.

ಕುದುರೆ ಕಂಡರೆ ಕಾಲುನೋವು ಎನ್ನುತ್ತದೆ ಗಾದೆ. ನನಗೆ ಮಂಡಿನೋವು ಮೊದಲಿನಿಂದಲೂ ಇತ್ತು. ಕುದುರೆ ಕಂಡ ಮೇಲೆ ಮರೆತುಹೋಯಿತು. ಇದಕ್ಕಿಂತ ಶುಭಶಕುನ ಬೇಕೇ?

ಧೈರ್ಯಕ್ಕೆ ಚರಿತ್ರೆಯ ಮೊರೆಹೊಕ್ಕೆ. ಈ ಹುಚ್ಚು ನನ್ನೊಬ್ಬನದಲ್ಲ. ವಿಜಯನಗರದ ಅರಸರಿಗೆ ಹೊರ್ಮುಜ್‌ನಿಂದ ಹಡಗು ಹಡಗು ಕುದುರೆ ಬರುತ್ತಿತ್ತು, ನಮ್ಮ ಘಟ್ಟದ ಕೆಳಗಿನ ಭಟ್ಕಳವೇ ಅದಕ್ಕೊಂದು ಬಾಗಿಲು. ಸಾಳುವ ನರಸಿಂಹನಂತೂ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ್ದರ ಬೆಲೆಯನ್ನೇ ಎಣಿಸಿ ಕೊಡುತ್ತಿದ್ದನಂತೆ. ಹೀಗೆಂದು ಬರೆದಿಟ್ಟವನು ಪೋರ್ಚುಗಲ್‌ನ ನೂನಿಜ್. ಅವನೂ ಕುದುರೆ ವ್ಯಾಪಾರಿಯೇ ಆದ್ದರಿಂದ ಬಾಲದ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿದ್ದೀತು.

ಅಷ್ಟು ದೂರವೇಕೆ, ನಮ್ಮೂರಿನ ಕಾಗದದ ಕಾರ್ಖಾನೆಗೂ ಕುದುರೆಗೂ ನಂಟಿದೆ. 1824ರಲ್ಲಿ ಪರ್ಷಿಯಾದ ಶಿರಾಜ್‌ನಿಂದ ಹದಿನಾರರ ಹುಡುಗನೊಬ್ಬ ಕುದುರೆಗಳ ಹಿಂಡು ಹೊಡೆದುಕೊಂಡು ಬೆಂಗಳೂರಿಗೆ ಬಂದ. ಅವನೇ ಆಗಾ ಅಲಿ ಅಸ್ಕರ್. ಬ್ರಿಟಿಷರಿಗೂ ಮೈಸೂರು ಅರಮನೆಗೂ ಕುದುರೆ ಮಾರಿ ಗಟ್ಟಿ ಕುಳವಾದ. ಅವನ ಹೆಸರಿನ ರಸ್ತೆ ಈಗಲೂ ಅಲ್ಲಿದೆ. ಅವನ ಮೊಮ್ಮಗನೇ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಅವರ ದಿವಾನಗಿರಿಯಲ್ಲೇ, 1936ರಲ್ಲಿ, ಭದ್ರಾವತಿಯ ಪೇಪರ್ ಮಿಲ್ ಹುಟ್ಟಿತು. ಇದನ್ನೆಲ್ಲ ರಾಗವಾಗಿ ಹೇಳಿ ಹೆಂಡತಿಯ ಮುಖ ನೋಡಿದೆ.

"ಅವರ ತಾತ ಕುದುರೆ ಮಾರಿ ದೊಡ್ಡವರಾದದ್ದು ಕಣ್ರೀ. ಕೊಂಡಲ್ಲ" ಎಂದಳು.

ನಮ್ಮ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮಪ್ರಭು ಕುದುರೆ ಬಯಸುವವರ ಮೇಲೆ ಹೇಳಿದ ವಚನವೊಂದು ಅವಳಿಗೆ ಬಾಯಿಪಾಠ. ಪೂರ್ತಿ ಹೇಳುವುದಿಲ್ಲ, "ಅಲ್ಲಮ ಸುಮ್ಮನೆ ಹೇಳಿದ್ದಾನಾ" ಎಂದು ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋಗುತ್ತಾಳೆ. ಉಳಿದರ್ಧ ದಿನವಿಡೀ ನನ್ನ ತಲೆಯೊಳಗೆ ಓಡುತ್ತಿರುತ್ತದೆ.

ಸುದ್ದಿ ಬೀದಿಗೆ ಬಿತ್ತು. ಮೂವತ್ತು-ನಲವತ್ತರ ಸೈಟಿನಲ್ಲಿ ಲಾಯ ಎಲ್ಲಿ ಎಂಬುದು ಎಲ್ಲರ ಪ್ರಶ್ನೆ. ಕುದುರೆ ನೆಮ್ಮದಿಯಾಗಿ ತಿರುಗಿ ಮಲಗಲು ಹನ್ನೆರಡಕ್ಕೆ ಹನ್ನೆರಡು ಅಡಿ ಬೇಕು. ನಮ್ಮ ದೇವರಮನೆ, ಅಡುಗೆಮನೆ ಸೇರಿಸಿದರೂ ಅಷ್ಟಾಗದು. ಪಕ್ಕದ ಮನೆಯಾಕೆ ಮಾತ್ರ ಯಾವ ಪ್ರಶ್ನೆಯನ್ನೂ ಕೇಳದೆ ತಮ್ಮ ಗುಲಾಬಿ ಗಿಡಗಳಿಗೆ ಲದ್ದಿ ಮುಂಗಡವಾಗಿ ಕಾದಿರಿಸಿದರು. ಎದುರುಮನೆಯವರು, "ಆನೆಯಾದರೂ ಆಸೆಪಡಬಾರದಿತ್ತೇ ಸಾರ್? ಸಕ್ರೆಬೈಲಿನಲ್ಲಿ ನೋಡಿಕೊಳ್ಳುವವರಾದರೂ ಇದ್ದಾರೆ" ಎಂದರು. ಮಲೆನಾಡಿನ ಮಟ್ಟಿಗೆ ಅದೂ ನಿಜವೇ.

ಪರಿಚಯದ ಪಶುವೈದ್ಯರನ್ನು ಕಾಫಿಗೆ ಕರೆದೆ. ವಿಡಿಯೋ ನೋಡಿ, "ಹಲ್ಲು ನೋಡಿದಿರಾ?" ಎಂದರು.

"ಅದು ಬಾಯಿ ತೆರೆಯಲಿಲ್ಲ."

ಹಾಲುಹಲ್ಲು ಪೂರ್ತಿ ಬಿದ್ದು ಮುಂದಿನ ಹಲ್ಲುಗಳೆಲ್ಲ ಹೊಸದಾಗಿ ಬರುವಷ್ಟರಲ್ಲಿ ಕುದುರೆಗೆ ಐದು ವರ್ಷವಾಗುತ್ತದಂತೆ. ಬೆನ್ನಿನ ಮೂಳೆ ಬಲಿಯುವುದು ಅದಕ್ಕೂ ನಿಧಾನ, ಐದೂವರೆ ಆರಾಗಬೇಕು. ಮೂರರಲ್ಲಿ ಬೇಲಿ ಹಾರಿಸಿದರೆ ಹತ್ತರಲ್ಲಿ ಕುಂಟುತ್ತದೆ. ಇನ್ನು ನಮ್ಮ ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತರೆ ಗೊರಸು ಕೊಳೆಯುತ್ತದೆ. ಲಾಳ ಕಟ್ಟುವವನನ್ನು ಆರೆಂಟು ವಾರಕ್ಕೊಮ್ಮೆ ಎಲ್ಲಿಂದಲೋ ಕರೆಸಬೇಕು. ತಿಂದದ್ದು ಒಗ್ಗದಿದ್ದರೆ ನಮ್ಮ ಹಾಗೆ ವಾಂತಿ ಮಾಡಿ ಹಗುರಾಗುವ ಸೌಲಭ್ಯ ಕುದುರೆಗಿಲ್ಲ. ಹೊಟ್ಟೆಶೂಲೆ ಬಂದರೆ ಜೀವಕ್ಕೇ ಸಂಚಕಾರ.

"ಜಿಗಿತವೇ ಬೇಕೆಂದರೆ ಅರಬ್ಬಿಯೇ ಏಕೆ?" ಎಂದು ಮುಂದುವರಿಸಿದರು. ಅರಬ್ಬಿಯ ಮೈಕಟ್ಟು ಮರಳುಗಾಡಿನ ದೂರಕ್ಕೆ ಹೇಳಿ ಮಾಡಿಸಿದ್ದು. ಒಂದೇ ದಿನದಲ್ಲಿ 160 ಕಿಲೋಮೀಟರ್ ಕ್ರಮಿಸುವ ಪಂದ್ಯಗಳಲ್ಲಿ ಅದೇ ರಾಜ. ಚಿಕ್ಕಪುಟ್ಟ ಅಡ್ಡಗೋಲನ್ನು ಅದೂ ಲೀಲಾಜಾಲವಾಗಿ ದಾಟುತ್ತದೆ, ಆದರೆ ದೊಡ್ಡ ಜಿಗಿತದ ಕಣದಲ್ಲಿ ಯುರೋಪಿನ ತಳಿಗಳದ್ದೇ ಕಾರುಬಾರು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದದ್ದೂ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇಪ್ಪತ್ತಮೂರನೆಯವರಾದದ್ದೂ ಸೆನ್ಯೋರ್ ಮೆಡಿಕಾಟ್ ಎಂಬ ಜರ್ಮನ್ ಕುದುರೆಯ ಮೇಲೆ. ಇಷ್ಟು ಹೇಳಿ ವೈದ್ಯರು ಲೋಟ ಕೆಳಗಿಟ್ಟು, "ನಿಮ್ಮ ಮಂಡಿ ಹೇಗಿದೆ?" ಎಂದು ಕೇಳಿದರು.

ಆ ರಾತ್ರಿ ಲೆಕ್ಕ ಹಾಕಿದೆ. ಕುದುರೆಗೆ ಜಿಗಿಯುವ ಪ್ರಾಯ ಬರುವ ಹೊತ್ತಿಗೆ ನನಗೆ ಅರವತ್ತನಾಲ್ಕು. ಚೆನ್ನಾಗಿ ಸಾಕಿದ ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬಾಳುತ್ತದೆ. ಹಾಗಾದರೆ ಅದರ ಕೊನೆಗಾಲದ ಹುರುಳಿ ಬೇಯಿಸುವವರು ಯಾರು? ವಿಲ್‌ನಲ್ಲಿ ಮಗಳಿಗೆ ಕುದುರೆ ಬರೆದಿಟ್ಟ ಅಪ್ಪ ಎಂದು ಹೆಸರು ಉಳಿಸಿಕೊಳ್ಳಲೇ?

ಈ ಆಸೆ ಮೊಳೆತದ್ದು ರೈಲ್ವೆ ಸ್ಟೇಷನ್ನಿನ ಜಟಕಾದಲ್ಲಿ. ಅಪ್ಪ ಚೌಕಾಸಿ ಮಾಡಿ ಒಳಗೆ ಕೂತರೆ ನನ್ನನ್ನು ಗಾಡಿಯವನ ಪಕ್ಕ ಹತ್ತಿಸುತ್ತಿದ್ದರು. ಸೇತುವೆ ದಾಟಿದ ಮೇಲೆ ಅವನು ಲಗಾಮಿನ ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದ. ಕುದುರೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ನಡೆಸುತ್ತಿರುವವನು ನಾನೆಂಬ ಹೆಮ್ಮೆ ನನಗೆ. ಮನೆ ಮುಂದೆ ಇಳಿದು, ನಮಗೂ ಒಂದು ಕುದುರೆ ಬೇಕು ಎಂದಾಗ ಅಪ್ಪ ಬೈಯಲಿಲ್ಲ, "ನೀನು ದುಡಿಯೋ ಕಾಲಕ್ಕೆ ತಗೊಳ್ಳೋಣ" ಎಂದರು. ದುಡಿಯುವ ಕಾಲಕ್ಕೆ ಸೈಕಲ್, ಆಮೇಲೆ ಸ್ಕೂಟರ್, ಮನೆ ಸಾಲ, ಮದುವೆ, ಫೀಸು. ಕುದುರೆ ಬೇಕಿದ್ದ ಹುಡುಗನ ಬಳಿ ದುಡ್ಡಿರಲಿಲ್ಲ, ದುಡ್ಡಿರುವ ಮುದುಕನ ಬಳಿ ಮಂಡಿಯಿಲ್ಲ. ಆ ಮರಿ ಬಲಿಯುವವರೆಗೆ ಕಾಯಬೇಕಾದವರು ನನ್ನ ವಯಸ್ಸಿನವರಲ್ಲ.

ಬೇಡವೆಂದು ಹೇಳಲು ಮಾರುವವರಿಗೆ ಫೋನ್ ಮಾಡಿದೆ.

"ಸವಾರಿ ಯಾರು ಮಾಡ್ತಾರೆ ಸಾರ್? ಮೊಮ್ಮಗನಾ?"

"ನಾನೇ."

ಆ ಕಡೆಯವರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಸಾರ್, ಕಲಿಯೋರಿಗೆ ಅಂತಲೇ ಇಟ್ಟಿರೋ ಹದಿನೆಂಟು ವರ್ಷದ ಹೆಣ್ಣು ಕುದುರೆ ಇದೆ. ಗಂಟೆ ಲೆಕ್ಕ. ಬಹಳ ಸಾಧು. ಆದ್ರೆ ಜಿಗಿಯಲ್ಲ."

ಸ್ಪೀಕರ್‌ನಲ್ಲಿ ಕೇಳಿಸಿಕೊಂಡ ಹೆಂಡತಿ, "ಅದಕ್ಕೆ ಹೋಗಿ ಬನ್ನಿ, ನಾನು ಬೇಡ ಅನ್ನಲ್ಲ. ಹೇಗೂ ಮಗಳ ಮನೆಗೆ ಉಪ್ಪಿನಕಾಯಿ ಕೊಡಬೇಕು" ಎಂದಳು. ಮುಂದಿನ ವಾರ ಹೊರಟಿದ್ದೇನೆ. ಜಿಗಿತದ ಮಾತನ್ನು ಆ ಕುದುರೆಯಾಗಲಿ ನಾನಾಗಲಿ ಎತ್ತದಿದ್ದರೆ ಆಯಿತು.