ನಾಲ್ಕಾಣೆ ಬೀಳಬಾರದು

ಶನಿವಾರ ರಾತ್ರಿ ಊಟದ ಮೇಜಿನ ಮೇಲೆ ಹಳೇ ಟವೆಲ್ ಹಾಸಿಕೊಂಡು ನನ್ನ ಗ್ಲಾಕ್ 19ಕ್ಕೆ ಹೊಸ ಟ್ರಿಗರ್ ಕೂರಿಸಿದೆ. ಗುಂಡು, ಮ್ಯಾಗಜಿನ್ ಎಲ್ಲ ಆಚೆ ಕೋಣೆಯ ಬೀರುವಿನಲ್ಲಿ, ಬೀಗದೊಳಗೆ. ಚೇಂಬರ್ ಖಾಲಿಯೆಂದು ಎರಡು ಸಲ ಕಣ್ಣಲ್ಲಿ ನೋಡಿ, ಒಂದು ಸಲ ಕಿರುಬೆರಳು ಹಾಕಿ ತಡವಿ, ಇಟ್ಟಿಗೆ ಗೋಡೆಯತ್ತ ಹಿಡಿದು ಮೊದಲ ಸಲ ಒತ್ತಿದೆ. ಬೆರಳು ಒಂದಿಷ್ಟು ದೂರ ಸಲೀಸಾಗಿ ಹೋಯಿತು. ಆಮೇಲೆ ತಡೆ ಸಿಕ್ಕಿತು. ಆ ತಡೆಯ ಮೇಲೆ ಭಾರ ಹೇರುತ್ತ ಹೋದೆ. ಏನೂ ಅಲುಗಲಿಲ್ಲ, ಏನೂ ಜಾರಲಿಲ್ಲ. ಇದ್ದಕ್ಕಿದ್ದಂತೆ ಟಕ್. ಚೆನ್ನಾಗಿ ಒಣಗಿದ ಹಲಸಿನ ಹಪ್ಪಳ ಮುರಿದರೆ ಹೇಗೋ ಹಾಗೆ, ಮುರಿಯುವ ಮುಂಚೆ ಬಾಗದೆ, ಮುರಿದ ಮೇಲೆ ನೇತಾಡದೆ. ಸ್ಲೈಡ್ ಎಳೆದು ಮತ್ತೆ ಒತ್ತಿದೆ. ಹನ್ನೊಂದು ಗಂಟೆಯವರೆಗೂ ಅದೇ ಕೆಲಸ. ನಮ್ಮನೆಯವರು ಎರಡು ಸಲ ಬಂದು ನೋಡಿ, ಮಲಗಲು ಹೋದರು.

ಹಳೆಯ ಟ್ರಿಗರಿನಲ್ಲಿ ದೋಷವೇನೂ ಇರಲಿಲ್ಲ. ಅದು ಕಾರ್ಖಾನೆಯವರು ಯೋಚಿಸಿಯೇ ಮಾಡಿದ್ದು. ಗಾಸ್ಟನ್ ಗ್ಲಾಕ್ ಈ ಮನೆತನದ ಮೊದಲ ಪಿಸ್ತೂಲನ್ನು ಮಾಡಿದ್ದು ಆಸ್ಟ್ರಿಯಾದ ಸೈನ್ಯಕ್ಕಾಗಿ. ಸೈನ್ಯ ಅದನ್ನು ಒಪ್ಪಿಕೊಂಡಿದ್ದು 1982ರಲ್ಲಿ. ಮಳೆ, ಕೆಸರು, ಚಳಿ, ಗಾಬರಿ ಎಲ್ಲದರಲ್ಲೂ ಕೆಲಸ ಮಾಡಬೇಕು, ಬಯಸದೆ ಹಾರಬಾರದು ಎಂಬ ಲೆಕ್ಕದಲ್ಲಿ ಮಾಡಿದ ಟ್ರಿಗರ್ ಅದು. ನಾನು ಅದನ್ನು ಬದಲಿಸಿದ್ದು ನನ್ನ ಬೆರಳು ಗಿಡ್ಡ ಎಂಬ ಒಂದೇ ಕಾರಣಕ್ಕೆ. ಹಿಡಿ ಸರಿಯಾಗಿ ಹಿಡಿದರೆ ನನ್ನ ತೋರುಬೆರಳಿನ ತುದಿ ಮಾತ್ರ ಬಾಗಿದ ಟ್ರಿಗರಿಗೆ ತಾಗುತ್ತಿತ್ತು. ತುದಿಯಿಂದ ಒತ್ತಿದರೆ ಬಲ ನೇರ ಹಿಂದಕ್ಕೆ ಬರುವುದಿಲ್ಲ, ಓರೆಯಾಗಿ ತಳ್ಳುತ್ತದೆ. ಗುಂಡು ಎಡಕ್ಕೆ ಹೋಗುತ್ತದೆ. ಬೆರಳು ಸರಿಮಾಡಿಕೊಳ್ಳಲು ಹಿಡಿ ತಿರುಗಿಸಿದರೆ ಒದೆತ ಹೆಬ್ಬೆರಳಿನ ಗೆಣ್ಣಿಗೆ ಬೀಳುತ್ತದೆ. ಹೊಸದು ಚಪ್ಪಟೆ ಮುಖದ ಅಲ್ಯೂಮಿನಿಯಂ ಟ್ರಿಗರು. ನಿಲುವು ನೇರ, ಓಟ ಕಡಿಮೆ, ನನ್ನ ಬೆರಳಿಗೆ ಹತ್ತಿರ. ಇನ್ನೊಂದು ಸುಖವೂ ಇದರಲ್ಲಿದೆ. ಬೆರಳು ಸ್ವಲ್ಪ ಕೆಳಗೆ ಕೂರುತ್ತದೆ. ಟ್ರಿಗರ್ ಎಂದರೆ ಮೇಲಿನ ಪಿನ್ನಿನಿಂದ ತೂಗುವ ಸನ್ನೆಗೋಲು ತಾನೇ. ಕೆಳಗೆ ಒತ್ತಿದಷ್ಟೂ ಸನ್ನೆ ಉದ್ದ. ಹಾಗಾಗಿ ಒಳಗಿನ ಸ್ಪ್ರಿಂಗನ್ನು ಮುಟ್ಟದಿದ್ದರೂ ಬೆರಳಿಗೆ ಆರಾಮ.

ಈ ಸ್ಪ್ರಿಂಗಿನ ವಿಷಯಕ್ಕೇ ನನಗೂ ಅಮೆರಿಕದ ಈ ಊರಿನ ಅರ್ಧ ಜನಕ್ಕೂ ಜಗಳ. ಬಿಡಿಭಾಗ ಕೊಳ್ಳಲು ಹೋದ ಅಂಗಡಿಯಲ್ಲಿ ಕೌಂಟರಿನಾಚೆ ನಿಂತವರು ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು, ಕೇಳುವ ಮುಂಚೆಯೇ ಟ್ರಿಗರನ್ನು ಎಲ್ಲಕ್ಕಿಂತ ಹಗುರ ಮಾಡುವ ಸ್ಪ್ರಿಂಗ್ ಕಿಟ್ ತೆಗೆದು ಮುಂದಿಟ್ಟರು. ಹೆಂಗಸರಿಗೆ ಇದೇ ಒಳ್ಳೆಯದಂತೆ. ನಾನು ಬೆರಳಿನ ದೂರದ ಮಾತಾಡುತ್ತೇನೆ, ಅವರು ಒತ್ತುವ ಭಾರದ, ಪೌಂಡಿನ ಮಾತಾಡುತ್ತಾರೆ. ಮೂರು ಸಲ ಹೇಳಿದೆ. ಮೂರು ಸಲವೂ ಉತ್ತರ ಪೌಂಡಿನಲ್ಲೇ ಬಂತು. ನನ್ನ ಬೆರಳಿನಲ್ಲಿ ಶಕ್ತಿ ಕಡಿಮೆ ಎಂದು ಇವರಿಗೆ ಹೇಳಿದವರು ಯಾರು? ಹತ್ತು ತೆಂಗಿನಕಾಯಿ ತುರಿದು ಇಪ್ಪತ್ತು ಜನಕ್ಕೆ ಹುಳಿ ಕುದಿಸುವ ಕೈಗೆ ಎರಡೂವರೆ ಕಿಲೋದ ಟ್ರಿಗರ್ ಭಾರವೇ?

ಲೆಕ್ಕ ಹಾಕಿ ನೋಡಿ. ಗುಂಡು ತುಂಬದ ಈ ಪಿಸ್ತೂಲಿನ ತೂಕ ಸುಮಾರು 600 ಗ್ರಾಂ. ಕಾರ್ಖಾನೆಯ ಟ್ರಿಗರ್ ಕೇಳುವ ಬಲ ಸುಮಾರು ಐದೂವರೆ ಪೌಂಡ್, ಅಂದರೆ ಎರಡೂವರೆ ಕಿಲೋ. ಹಿಡಿದ ವಸ್ತುವಿನ ನಾಲ್ಕು ಪಟ್ಟು ಬಲವನ್ನು ಅದೇ ವಸ್ತುವಿನ ಮೇಲೆ ಹೇರಬೇಕು, ಅದು ಕೂದಲೆಳೆಯಷ್ಟೂ ಕದಲಬಾರದು. ಈ ವಿದ್ಯೆಯ ಸೊಗಸೆಲ್ಲ ಇಲ್ಲೇ ಇದೆ. ಬಲ ನೇರವಾಗಿ, ಸಮನಾಗಿ ಏರುತ್ತ ಬಂದರೆ ಎರಡೂವರೆ ಕಿಲೋ ಆದರೂ ಪಿಸ್ತೂಲು ಕದಲುವುದಿಲ್ಲ. ನಡುವೆ ಎಲ್ಲೋ ಮರಳು ಸಿಕ್ಕಂತೆ ತೊಡರಿದರೆ, ಬೆರಳು ಓರೆಯಾದರೆ, ಒಂದು ಕಿಲೋ ಇದ್ದರೂ ಕದಲುತ್ತದೆ. ತಕ್ಕಡಿಗೆ ತೂಕ ಮಾತ್ರ ಗೊತ್ತು, ತೊಡರು ಗೊತ್ತಾಗುವುದು ಬೆರಳಿಗೆ. ಡಿಜಿಟಲ್ ಗೇಜ್ ಹಿಡಿದು ಬಂದು ತಮ್ಮ ಟ್ರಿಗರಿನ ತೂಕವನ್ನು ದಶಮಾಂಶದವರೆಗೆ ಓದಿ ಹೇಳುವವರು ಕಾಫಿ ಪುಡಿಯ ಘಮವನ್ನು ತೂಕದ ಚೀಟಿಯಲ್ಲಿ ಹುಡುಕುತ್ತಾರೆ.

ಹಾಗಂತ ಭಾರವೇ ಸುರಕ್ಷಿತ ಎನ್ನುವವರ ಜೊತೆಗೂ ನಾನು ಸೇರಲಾರೆ. ನ್ಯೂಯಾರ್ಕ್ ಪೊಲೀಸರು ಬಹಳ ವರ್ಷ ತಮ್ಮ ಪಿಸ್ತೂಲುಗಳಿಗೆ 12 ಪೌಂಡಿನ ಟ್ರಿಗರ್ ಹಾಕಿಸಿಕೊಂಡಿದ್ದರು, ಗಾಬರಿಯಲ್ಲಿ ಕೈತಪ್ಪಿ ಗುಂಡು ಹಾರದಿರಲಿ ಎಂದು. 2012ರ ಆಗಸ್ಟಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಎದುರು ಒಬ್ಬ ಕೊಲೆಗಾರನ ಮೇಲೆ ಇಬ್ಬರು ಪೊಲೀಸರು 16 ಗುಂಡು ಹಾರಿಸಿದರು. ದಾರಿಹೋಕರು ಒಂಬತ್ತು ಮಂದಿ ಪೊಲೀಸರ ಗುಂಡು ಅಥವಾ ಅದರ ಚೂರು ತಾಗಿ ಗಾಯಗೊಂಡರು. ಜನಜಂಗುಳಿ, ಎದುರಿಗೆ ಚಾಚಿದ ಪಿಸ್ತೂಲು, ಕ್ಷಣಮಾತ್ರದ ಸಮಯ, ಇಷ್ಟೆಲ್ಲ ಇದ್ದಾಗ ಟ್ರಿಗರೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಆ 12 ಪೌಂಡಿನ ಬಗ್ಗೆ ಆಗ ಎದ್ದ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಕೈತಪ್ಪದಿರಲಿ ಎಂದು ಹೇರಿದ ಭಾರ ಗುರಿಯನ್ನೂ ತಪ್ಪಿಸಬಲ್ಲದು.

ಹಗುರದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಬೆಂಗಳೂರಿನ ಪ್ರಕಾಶ್ ನಂಜಪ್ಪ. ಅವರೂ ನಮ್ಮ ಹಾಗೆ ಸಾಫ್ಟ್‌ವೇರಿನವರು, ಕೆನಡಾದಲ್ಲಿ ಕೆಲಸ ಮಾಡುತ್ತಿದ್ದವರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಆ ಸ್ಪರ್ಧೆಯಲ್ಲಿ ಟ್ರಿಗರ್ 500 ಗ್ರಾಮಿಗಿಂತ ಹಗುರಾಗಿರುವಂತಿಲ್ಲ. ತೂಕದ ಬೊಟ್ಟು ನೇತುಹಾಕಿ ಪರೀಕ್ಷೆ ಮಾಡುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಹಿಡಿದದ್ದು 50 ಮೀಟರಿನ ಫ್ರೀ ಪಿಸ್ತೂಲು. ಅದಕ್ಕೆ ತೂಕದ ಕಟ್ಟಳೆಯೇ ಇರಲಿಲ್ಲ. ಉಸಿರು ತಾಗಿದರೆ ಬೀಳುವಷ್ಟು ಹಗುರ ಮಾಡಿಕೊಳ್ಳಬಹುದಿತ್ತು. ಒಬ್ಬರದೇ ಬೆರಳು ಎರಡು ಬೇರೆ ತೂಕಗಳನ್ನು ಕಲಿತಿತ್ತು. ಒಂದೊಂದೇ ಗುಂಡು ಹಾಕಿ, ನಿಂತಲ್ಲೇ ನಿಂತು, ನಿಮಿಷ ಕಾದು ಹೊಡೆಯುವ ಆ ಫ್ರೀ ಪಿಸ್ತೂಲಿನಲ್ಲಿ ಅಷ್ಟು ಹಗುರ ಸರಿ. ಒಂದು ಹಾರಿದೊಡನೆ ಇನ್ನೊಂದು ಗುಂಡು ತಾನಾಗಿ ಚೇಂಬರಿಗೆ ಬಂದು ಕೂರುವ ನನ್ನ ಪಿಸ್ತೂಲಿಗೆ ಅದನ್ನು ತಂದು ಹಾಕುವುದು ಅವಿವೇಕ. 2016ರ ನಂತರ ಫ್ರೀ ಪಿಸ್ತೂಲನ್ನು ಒಲಿಂಪಿಕ್ಸಿನಿಂದಲೇ ತೆಗೆದುಹಾಕಿದರು. ನನಗೆ ಇವತ್ತಿಗೂ ಬೇಸರವಿದೆ.

ಸ್ಪ್ರಿಂಗ್ ಕತ್ತರಿಸುವವರ ಮೇಲೆ ನನಗಿರುವುದು ಸಿಟ್ಟು. ಗುಂಡಿಗೆ ಪೆಟ್ಟು ಕೊಡುವ ಸ್ಟ್ರೈಕರಿನ ಸ್ಪ್ರಿಂಗ್ ಮೆತ್ತಗೆ ಮಾಡಿದರೆ ಟ್ರಿಗರ್ ಹಗುರಾಗುತ್ತದೆ, ನಿಜ. ಗುಂಡಿನ ಹಿಂಬದಿಯ ಕ್ಯಾಪಿನ ಮೇಲೆ ಬೀಳುವ ಪೆಟ್ಟೂ ಮೆತ್ತಗಾಗುತ್ತದೆ. ಕೆಲವು ಸಲ ಗುಂಡು ಹಾರದೆ ಕೂತುಬಿಡುತ್ತದೆ. ಇನ್ನು ಟ್ರಿಗರಿನ ನಡುವೆ ಇರುವ ಸಣ್ಣ ನಾಲಿಗೆ. ಬೆರಳು ನಡುಮಧ್ಯ ಕೂತು ಅದನ್ನು ಅದುಮದ ಹೊರತು ಟ್ರಿಗರ್ ಹಿಂದೆ ಹೋಗದಂತೆ ತಡೆಯುವುದೇ ಅದರ ಕೆಲಸ. ಅದನ್ನು ‘ಬೆರಳಿಗೆ ಚುಚ್ಚುತ್ತದೆ’ ಎಂದು ತೆಗೆದುಹಾಕುವವರನ್ನು ಕಂಡಿದ್ದೇನೆ. ರೇಂಜಿನಲ್ಲಿ ಅಂಥವರ ಪಕ್ಕದ ಮೇಜಿನಲ್ಲಿ ನಾನು ನಿಲ್ಲುವುದಿಲ್ಲ, ಸಾಮಾನು ಎತ್ತಿಕೊಂಡು ಬೇರೆ ಕಡೆ ಹೋಗುತ್ತೇನೆ.

ನನಗೂ ಒಂದು ಕಹಿ ಅನುಭವ ಆಗಿದೆ. ಎರಡು ವರ್ಷದ ಹಿಂದೆ ಬೇರೊಂದು ಟ್ರಿಗರ್ ತರಿಸಿದ್ದೆ. ಗುಂಡು ಹಾರಿದ ಮೇಲೆ ಬೆರಳು ಅನಗತ್ಯವಾಗಿ ಹಿಂದಕ್ಕೆ ಓಡದಂತೆ ತಡೆಯಲು ಅದರೊಳಗೆ ಸಾಸಿವೆ ಕಾಳಿನಷ್ಟು ಸ್ಕ್ರೂ. ನೂರಿಪ್ಪತ್ತು ಗುಂಡು ಹೊಡೆಯುವಷ್ಟರಲ್ಲಿ ಅದು ಅದುರಿ ಅದುರಿ ತಾನಾಗಿ ಸಡಿಲಾಗಿ ಹೊರಗೆ ಬಂದು, ಟ್ರಿಗರ್ ಕೊನೆಯವರೆಗೆ ಹೋಗದಂತೆ ಅಡ್ಡ ನಿಂತಿತು. ಒತ್ತಿದರೆ ಗೋಡೆ ಒತ್ತಿದ ಹಾಗೆ. ಮಾಡಿದವರಿಗೆ ಬರೆದೆ. ಸ್ಕ್ರೂಗೆ ಅಂಟು ಹಾಕಿಕೊಳ್ಳಬೇಕಿತ್ತು ಎಂದರು. ಇಷ್ಟು ದುಡ್ಡು ತೆಗೆದುಕೊಂಡು ಒಂದು ಹನಿ ಅಂಟು ನಿಮಗೇ ಹಾಕಲಾಗಲಿಲ್ಲವೇ ಎಂದು ಮತ್ತೆ ಬರೆದೆ. ಆಮೇಲೆ ಉತ್ತರವಿಲ್ಲ. ಈ ಸಲ ತರಿಸಿದ್ದರಲ್ಲಿ ಸ್ಕ್ರೂವೇ ಇಲ್ಲ. ಆ ತಡೆಯನ್ನು ಅಲ್ಯೂಮಿನಿಯಂನಲ್ಲೇ ಕಡೆದಿದ್ದಾರೆ. ಅದನ್ನು ನೋಡಿಯೇ ಕೊಂಡೆ.

ಟ್ರಿಗರ್ ಕೂರಿಸುವ ಮುಂಚೆ ಇನ್ನೊಂದು ಕೆಲಸ ಮಾಡಿದೆ. ಒಳಗೆ ಲೋಹಕ್ಕೆ ಲೋಹ ಉಜ್ಜುವ ಜಾಗಗಳಿಗೆ ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಪಾಲಿಶ್ ಹಚ್ಚಿ, ಮೂಲೆ ಸವೆಯದಂತೆ, ಬರೀ ಹೊಳಪು ಬರುವವರೆಗೆ ತಿಕ್ಕಿದೆ. ಅಮೆರಿಕದವರು ಇದಕ್ಕೆ 25 ಸೆಂಟಿನ ಟ್ರಿಗರ್ ಜಾಬ್ ಎನ್ನುತ್ತಾರೆ, ಖರ್ಚು ಅಷ್ಟೇ ಎಂದು. ಆ ಹೆಸರು ನನಗೆ ಇಷ್ಟ, ಏಕೆಂದರೆ ನನ್ನ ಅಭ್ಯಾಸವೆಲ್ಲ ನಡೆಯುವುದು ನಮ್ಮ 25 ಪೈಸೆಯ ಮೇಲೆ.

ಘೇಂಡಾಮೃಗದ ಚಿತ್ರವಿದ್ದ ಸ್ಟೀಲಿನ ನಾಲ್ಕಾಣೆ ನೆನಪಿದೆಯಲ್ಲ? 2011ರ ಜೂನ್ 30ಕ್ಕೆ ಸರ್ಕಾರ ಅದರ ಚಲಾವಣೆ ನಿಲ್ಲಿಸಿತು. ಅಮ್ಮನ ಸಾಸಿವೆ ಡಬ್ಬಿಯಲ್ಲಿ ಉಳಿದಿದ್ದ ಒಂದನ್ನು ನಾನು ತಂದಿಟ್ಟುಕೊಂಡಿದ್ದೇನೆ. ಖಾಲಿ ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತೇನೆ. ನಮ್ಮನೆಯವರು ಪಕ್ಕದಿಂದ ಬಂದು ನಾಲ್ಕಾಣೆಯನ್ನು ಮುಂದಿನ ಸೈಟಿನ ನೆತ್ತಿಯ ಮೇಲೆ ಇಡುತ್ತಾರೆ. ಸೈಟಿನ ಅಗಲ ಭತ್ತದ ಕಾಳಿನಷ್ಟೂ ಇಲ್ಲ. ಉಸಿರು ಅರ್ಧ ಬಿಟ್ಟು ಒತ್ತಬೇಕು. ಟಕ್ ಎಂದಾಗಲೂ ನಾಲ್ಕಾಣೆ ಬೀಳಬಾರದು. ಬಿದ್ದರೆ ಎಲ್ಲೋ ಒಂದು ಬೆರಳು ಬೇಡದ ಕೆಲಸ ಮಾಡಿದೆ ಎಂದೇ ಅರ್ಥ. ಇಲ್ಲಿಯವರು ಇದೇ ಅಭ್ಯಾಸವನ್ನು ತಮ್ಮ ಡೈಮ್ ನಾಣ್ಯ ಇಟ್ಟು ಮಾಡುತ್ತಾರೆ. ನನಗೆ ಘೇಂಡಾಮೃಗವೇ ಆಗಬೇಕು. ಹಳೆಯ ಟ್ರಿಗರಿನಲ್ಲಿ ಹತ್ತಕ್ಕೆ ಆರು ಸಲ ನಿಲ್ಲುತ್ತಿತ್ತು. ಶನಿವಾರ ರಾತ್ರಿ ಹತ್ತಕ್ಕೆ ಒಂಬತ್ತು ಸಲ ನಿಂತಿತು.

ಒತ್ತುವುದನ್ನು ನನಗೆ ಮೊದಲು ಕಲಿಸಿದವರು ಅಜ್ಜ, ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ. ಬಾಳೆಗೊನೆಗೆ ಬರುವ ಮಂಗಗಳನ್ನು ಹೆದರಿಸಲೆಂದು ಲೈಸೆನ್ಸಿನ ಒಂಟಿನಳಿಗೆ ಕೋವಿ ಇತ್ತು. ಟ್ರಿಗರ್ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿದ್ದಿಲ್ಲ. ಕೋವಿಯ ಕುದುರೆ ಅನ್ನುತ್ತಿದ್ದರು. ಕೆಲವು ಕಡೆ ಹಿಂದಿನ ಸುತ್ತಿಗೆಗೆ ಕುದುರೆ ಎನ್ನುತ್ತಾರೆ, ನಮ್ಮಲ್ಲಿ ಬೆರಳಿಗೆ ಸಿಗುವ ಕೊಕ್ಕೆಗೇ ಆ ಹೆಸರು. ಖಾಲಿ ಕೋವಿಯನ್ನು ನನ್ನ ಭುಜಕ್ಕೆ ಕೊಟ್ಟು ಅಜ್ಜ ಹೇಳಿದ್ದು ಇಷ್ಟು: “ಕುದುರೆ ಎಳೀಬೇಡ ಕೂಸೇ. ಹಾಲು ಕರೆಯೋ ಹಾಗೆ ಹಿಂಡು. ಎಳೆದ್ರೆ ದನ ಒದೀತದೆ.”

ಅಮೆರಿಕಕ್ಕೆ ಬಂದು ಪಿಸ್ತೂಲಿನ ತರಗತಿಗೆ ಸೇರಿದಾಗ ತರಬೇತುದಾರರು ದೊಡ್ಡ ತಪ್ಪುಗಳ ಪಟ್ಟಿಯಲ್ಲಿ ‘ಮಿಲ್ಕಿಂಗ್’ ಎಂದು ಬರೆದರು. ಟ್ರಿಗರ್ ಒತ್ತುವಾಗ ಉಳಿದ ಬೆರಳುಗಳೂ ಹಿಡಿಯನ್ನು ಹಿಂಡುವುದು, ಅದರಿಂದ ಗುಂಡು ಎಡಕ್ಕೆ ಕೆಳಕ್ಕೆ ಹೋಗುವುದು, ಇದಕ್ಕೆ ಆ ಹೆಸರು. ಕೇಳಿ ನನ್ನ ಮೈ ಉರಿಯಿತು. ತಪ್ಪು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಹೆಸರು ಮಾತ್ರ ಕೆಚ್ಚಲಿಗೆ ಕೈ ಹಾಕದವರು ಇಟ್ಟದ್ದು. ಹಾಲು ಕರೆಯುವವರು ಮುಷ್ಟಿ ಇಡಿಯಾಗಿ ಹಿಂಡುತ್ತಾರೆಯೇ? ಹೆಬ್ಬೆರಳು ತೋರುಬೆರಳು ಮೊದಲು ಮೇಲೆ ಮುಚ್ಚಿಕೊಳ್ಳಬೇಕು, ಆಮೇಲೆ ನಡುಬೆರಳು, ಆಮೇಲೆ ಉಂಗುರ ಬೆರಳು. ಒಟ್ಟಿಗೆ ಹಿಂಡಿದರೆ ಹಾಲು ಮೇಲಕ್ಕೇ ಹೋಗುತ್ತದೆ, ತಂಬಿಗೆಗೆ ಬರುವುದಿಲ್ಲ. ಒಂದು ಬೆರಳು ದುಡಿಯುವಾಗ ಇನ್ನೊಂದು ಸುಮ್ಮನಿರಬೇಕು ಎಂಬುದನ್ನು ಹಾಲು ಕರೆಯುವುದಕ್ಕಿಂತ ಚೆನ್ನಾಗಿ ಕಲಿಸುವ ವಿದ್ಯೆ ಇಲ್ಲ. ನಾನು ಬೆರಳಿಂದ ಬೆರಳಿಗೆ ಭಾರ ದಾಟಿಸುವುದನ್ನು ಕಲಿತದ್ದು ಕಪಿಲೆ ಎಂಬ ಹಸುವಿನ ಬಳಿ, ಎಂಟನೆಯ ವಯಸ್ಸಿನಲ್ಲಿ. ಕಪಿಲೆ ತಪ್ಪನ್ನು ತಕ್ಷಣ ಹೇಳುತ್ತಿದ್ದಳು, ನಾಲ್ಕಾಣೆಯ ಹಾಗೆಯೇ. ತರಬೇತುದಾರರಿಗೆ ಇದನ್ನೆಲ್ಲ ತರಗತಿ ಮುಗಿದ ಮೇಲೆ ನಿಂತು ವಿವರಿಸಿದೆ. ಕೇಳಿಸಿಕೊಂಡರು. ಮುಂದಿನ ವಾರ ಬೋರ್ಡಿನ ಮೇಲೆ ಮತ್ತೆ ಅದೇ ಹೆಸರು.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಫೀನಿಕ್ಸಿನ ಉತ್ತರಕ್ಕಿರುವ ಬೆನ್ ಏವರಿ ರೇಂಜಿಗೆ ಹೋದೆ. ಹೊಸ ಟ್ರಿಗರ್ ಹಾಕಿ ಹೊಡೆಯುವ ದಿನ ಮೊದಲು ಒಂದೇ ಗುಂಡು ತುಂಬುತ್ತೇನೆ, ಆಮೇಲೆ ಎರಡು, ಎಲ್ಲ ಸರಿಯೆನಿಸಿದ ಮೇಲಷ್ಟೇ ಹತ್ತು. ಎಷ್ಟು ಅವಸರವಿದ್ದರೂ ಈ ಕ್ರಮ ಬಿಡುವುದಿಲ್ಲ. 15 ಗಜದಲ್ಲಿ ಕಾಗದ ನೇತುಹಾಕಿ ಹೊಡೆದೆ. ಗುಂಡು ಹಾರಿದ ಮೇಲೆ ಬೆರಳು ಬಿಡದೆ ಹಿಡಿದು, ಮೆಲ್ಲಗೆ ಸಡಿಲಿಸಿದರೆ, ಒಂದೆಡೆ ಟಿಕ್ ಎಂದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದಲೇ ಮುಂದಿನ ಗುಂಡು. ಹತ್ತೂ ತೂತುಗಳು ನನ್ನ ಅಂಗೈಯಲ್ಲಿ ಮುಚ್ಚಿಹೋದವು. ಎಡಕ್ಕೆ ಒಂದೂ ಹೋಗಿರಲಿಲ್ಲ.

ಮನೆಗೆ ಬಂದವಳೇ ಅಣ್ಣನಿಗೆ ಫೋನು ಮಾಡಿದೆ. ಚುನಾವಣೆಗೆ ಠಾಣೆಯಲ್ಲಿ ಇಟ್ಟಿದ್ದ ಅಜ್ಜನ ಕೋವಿ ಮನೆಗೆ ಬಂತಾ ಎಂದು ಕೇಳಿದೆ.

“ಬಂದು ಬಹಳ ದಿನ ಆತು.”

“ಕುದುರೆ ಸರಾಗ ಬರ್ತದಾ ಅಣ್ಣ? ತೊಡರೋದಿಲ್ವಾ?”

“ಎಂತ ಮಾರಾಯ್ತಿ, ಅಷ್ಟು ದೂರದಿಂದ ಇದನ್ನ ಕೇಳ್ಲಿಕ್ಕೆ ಫೋನು ಮಾಡಿದ್ಯಾ?” ಎಂದ. ಸ್ವಲ್ಪ ಹೊತ್ತು ಮಾತಿಲ್ಲ. ಅಟ್ಟದ ಏಣಿ ಹತ್ತುವ ಸದ್ದು, ಗೋಣಿಚೀಲ ಬಿಚ್ಚುವ ಸದ್ದು, ನಳಿಗೆ ಮುರಿದು ಖಾಲಿಯೆಂದು ನೋಡಿಕೊಳ್ಳುವ ಸದ್ದು. ಆಮೇಲೆ ಫೋನನ್ನು ಕೋವಿಗೆ ಹಿಡಿದಿರಬೇಕು. ಟಕ್ ಎಂದಿತು.

“ಕೇಳ್ತಾ?”

“ಇನ್ನೊಂದ್ಸಲ” ಎಂದೆ.